ಹಳದಿ ಚೌಕದ ಫೋಟೋ

ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದ್ದೆ. ಮುಚ್ಚಳದ ಒಳಗೆಲ್ಲ ಹಬೆಯ ಹನಿ. ಅವರು ಶೂ ಹಾಕಿಕೊಳ್ಳುವಾಗ, "ರೀ, ನಾನು ಟೈಪ್ ಮಾಡೋ ಎಡಿಟರ್‌ನ ಕಂಪನಿಯವರು ಉತ್ತರ ಬರೆದಿದಾರೆ. ಅವರಿಗೆ ಆ ತಪ್ಪು ಕಾಣ್ತಾನೇ ಇಲ್ವಂತೆ" ಎಂದೆ.

"ಇನ್ನೂ ಅದೇನಾ? ಆ ಚೌಕ ಎಲ್ಲೂ ಓಡ್ಹೋಗಲ್ಲ ಕಣೇ, ಕಂಪನಿ ಬಸ್ ಓಡ್ಹೋಗತ್ತೆ!"

ಆಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ದೊಡ್ಡಬಳ್ಳಾಪುರಕ್ಕೆ ಬಂದು ವರ್ಷವಾಗಿದ್ದರೂ ಪಕ್ಕದ ನೇಕಾರರ ಮನೆಯಾಕೆಯ ಜೊತೆ ನನ್ನ ಮಾತು ಕಾಂಪೌಂಡಿನ ಮೇಲೆ ದಾಟುವ ಕರಿಬೇವಿನಷ್ಟೇ.

ಲ್ಯಾಪ್‌ಟಾಪಿನಲ್ಲಿ, ಎಡಿಟರ್ ಎನ್ನುವ ಬರವಣಿಗೆಯ ತಂತ್ರಾಂಶದಲ್ಲಿ, ಅಮ್ಮನ ಅಡುಗೆಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೆ. ಅದರ ಪರದೆಯಲ್ಲಿ ಯಾವ ಗುಂಡಿಯ ಮೇಲೆ ಮೌಸಿನ ಬಾಣ ನಿಲ್ಲಿಸಿದರೂ ಅದರ ಕೆಲಸ ಹೇಳುವ ಪುಟ್ಟ ಹಳದಿ ಚೌಕ ಮೂಡುತ್ತದೆ, ಟೂಲ್‌ಟಿಪ್ ಎನ್ನುತ್ತಾರೆ. ಅದರಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ ದೂರು ಬರೆದಿದ್ದೆ. ಉತ್ತರ ಬಂತೇ ಎಂದು ದಿನಾ ಮೇಲ್ ತೆರೆದು ನೋಡುತ್ತಿದ್ದೆ. ಕೊನೆಗೆ ಬಂದದ್ದು ಎರಡೇ ಸಾಲು: ನಮ್ಮಲ್ಲಿ ಸರಿಯಾಗಿದೆ, ಚಿತ್ರ ಕಳಿಸದಿದ್ದರೆ ದೂರನ್ನು ಮುಚ್ಚುತ್ತೇವೆ.

ನನಗೆ ಕಂಡದ್ದು ಇನ್ನೊಬ್ಬರಿಗೂ ಕಾಣಬೇಕು, ಅಷ್ಟೇ ನನಗೆ ಬೇಕಿದ್ದುದು. ಆದರೆ ಪರದೆಯ ಚಿತ್ರ ತೆಗೆಯಲು ಕೀಲಿ ಒತ್ತಿದರೆ ಚೌಕ ಮಾಯವಾಗುತ್ತಿತ್ತು. ಒಂದು ಬೆರಳಿನಿಂದ ಬಾಣ ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿದರೆ ಫೋಟೋ ಮಸುಕು. ಮಧ್ಯಾಹ್ನವೆಲ್ಲ ಅದೇ ಆಯಿತು. ಇನ್ನೊಬ್ಬರ ಕೈ ಬೇಕಿತ್ತು.

ಸಂಜೆ ಕಾಂಪೌಂಡಿನ ಹತ್ತಿರ ನಿಂತು ಕೂಗಿದೆ. ಒಳಗೆ ಮಗ್ಗಗಳು ಖಟಖಟ ಸದ್ದು ಮಾಡುತ್ತಾ ಓಡುತ್ತಿದ್ದವು. ಮತ್ತೆ ಕೂಗಿದೆ. ನನ್ನ ದನಿ ನನಗೇ ಅಪರಿಚಿತವೆನಿಸಿತು. ವಾಪಸು ತಿರುಗುವಷ್ಟರಲ್ಲಿ ಆಕೆಯೇ ಬಟ್ಟೆ ಎತ್ತಲು ಹೊರಗೆ ಬಂದಳು. ನಾಚಿಕೊಂಡೇ ವಿಷಯ ಹೇಳಿದೆ. ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು; ನಾನು ಬಾಣ ಹಿಡಿದೆ, ಆಕೆ ನನ್ನ ಮೊಬೈಲ್ ಎತ್ತಿ ಪರದೆಯತ್ತ ಬಗ್ಗಿದಳು.

"ಅಯ್ಯೋ, ಹೌದಲ್ಲಕ್ಕಾ! ಅಕ್ಷರಕ್ಕೆ ಕಾಲೇ ಇಲ್ಲ. ಇದು ಅವ್ರಿಗ್ ಕಾಣ್ಸಲ್ವಾ? ಕನ್ನಡ್ಕ ಹಾಕ್ಕೊಳಕ್ಕೇಳಿ."

ನಾನು ಜೋರಾಗಿ ನಕ್ಕುಬಿಟ್ಟೆ. ಬಾಣ ಜಾರಿತು.

"ಅಲ್ಲಾಡ್ಬೇಡಿ, ಇನ್ನೊಂದ್ ಸಲ!"

ಎರಡನೆಯ ಫೋಟೋ ಸ್ಪಷ್ಟವಾಗಿ ಬಂತು. ಆಗಲೇ ಕಳಿಸಿದೆ. ಕಾಫಿಗೆ ನಿಲ್ಲಿ ಎಂದರೆ, ಕೆಲಸವಿದೆ ಎಂದು ಆಕೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ತಿರುಗಿಯೂ ನೋಡದೆ ಅಂದಳು:

"ಇನ್ಮೇಲೆ ಕೂಗ್ಬೇಡಿ ಅಕ್ಕಾ, ಆ ಸದ್ದಲ್ಲಿ ಏನೂ ಕೇಳ್ಸಲ್ಲ. ಒಂದ್ ಮಿಸ್ ಕಾಲ್ ಕೊಡಿ, ಸಾಕು."