ನಾಲ್ವರಿಗೊಂದು ಹಾಜರಿ

ಮೊದಲು ತೆರೆದದ್ದು ಶೆಡ್ಡುಗಳು. ಕಾಲೇಜು ತೆರೆಯಲಿಲ್ಲ. ದೊಡ್ಡ ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ಪ್ಯಾಂಟು ಹೊಲಿಯಲು ಒಂದು ತಗಡಿನ ಕೆಳಗೆ ಒತ್ತೊತ್ತಾಗಿ ಕೂತರೆ ರೋಗ ಅಂಟುವುದಿಲ್ಲವಂತೆ, ಪಾಠ ಕೇಳಲು ಒಂದು ಕೋಣೆಯಲ್ಲಿ ಕೂತರೆ ಅಂಟುತ್ತದಂತೆ. ಈ ಲೆಕ್ಕ ಹಾಕಿದವನು ಕೈಗೆ ಸಿಕ್ಕಿದ್ದರೆ ನಾನು ಕೇಳುತ್ತಿದ್ದೆ. ಸಿಗಲಿಲ್ಲ. ಅಂಥವರು ಸಿಗುವುದಿಲ್ಲ.

ನಾನು ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವವಳು. ಅದಕ್ಕೆ ಮುಂಚೆ ಬೊಮ್ಮನಹಾಳ್ ಕಡೆ ಕಾಲುವೆ ಗದ್ದೆಗೆ ನಾಟಿ ಹಾಕಲು ಹೋಗುತ್ತಿದ್ದೆ. ಸೊಂಟ ಬಗ್ಗದಾದ ಮೇಲೆ ಕತ್ತರಿ ಹಿಡಿದೆ. ಅಕ್ಷರ ಅಂದರೆ ನನಗೆ ಬಸ್ಸಿನ ಬೋರ್ಡು ಮತ್ತು ನನ್ನ ರುಜು, ಅಷ್ಟೇ ಇತ್ತು. ಇದನ್ನು ಬರೆಯುವಷ್ಟು ಆಮೇಲೆ ಕಲಿತೆ, ಅದೂ ಸಿಟ್ಟಿಗೆ.

ಮಗಳನ್ನು ಮಡಕಶಿರದ ಕಡೆ ಕೊಟ್ಟಿದ್ದೆ. ಅಲ್ಲಿ ಶೇಂಗಾ ಇತ್ತು, ಹಿಪ್ಪುನೇರಳೆ ಇತ್ತು, ಮೇಲಿನಿಂದ ಬೀಳುವ ನೀರು ಮಾತ್ರ ಇರಲಿಲ್ಲ. ಅವಳೂ ಅಳಿಯನೂ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಮೊಮ್ಮಗಳು ನನ್ನ ಹತ್ತಿರ ಉಳಿದು ಇಲ್ಲೇ ಡಿಗ್ರಿಗೆ ಸೇರಿದಳು. ಸೇರಿಸಿದ ದಿನವೇ ಅಳಿಯ ಒಂದು ಮಾತು ಹೇಳಿದ್ದ. ಎಲ್ಲೂ ನಿಲ್ಲದೆ ಓದಿದರೆ ಓದಲಿ, ಒಂದು ಪರೀಕ್ಷೆ ನಿಂತರೂ ಅವರಮ್ಮನ ಪಕ್ಕದ ಮಿಷನ್ನಿಗೆ ಕೂರುತ್ತಾಳೆ ಎಂದು. ಅಳಿಯ ಕೆಟ್ಟವನಲ್ಲ. ಆಡಿದ ಮಾತು ಬಿಡುವುದಿಲ್ಲ, ಅದೇ ಅವನ ರೋಗ.

ಕಾಲೇಜು ಮುಚ್ಚಿತ್ತಲ್ಲ, ಹುಡುಗಿಯರು ಮನೆಯಲ್ಲಿ ಸುಮ್ಮನೆ ಕೂತರೆ ಯಾರ ಕಣ್ಣು ತಡೆಯುತ್ತದೆ? ನನ್ನ ಮೊಮ್ಮಗಳೂ ಅವಳ ಕ್ಲಾಸಿನ ಇನ್ನೂ ಮೂವರು ಹುಡುಗಿಯರೂ ಶೆಡ್ಡಿಗೆ ಬಂದು ನನ್ನ ಸುತ್ತಿನಲ್ಲಿ ಕೂತರು. ಸುತ್ತು ಎಂದರೆ ಹೀಗೆ. ಹೊಲಿದು ಬಂದ ಪ್ಯಾಂಟಿಗೆ ಹೊಲಿಗೆ ಮುಗಿದ ಕಡೆಯೆಲ್ಲ ದಾರದ ಬಾಲ ಜೋತಾಡುತ್ತಿರುತ್ತದೆ. ಪ್ಯಾಂಟುಗಳನ್ನು ನಡುವೆ ಗುಡ್ಡೆ ಹಾಕಿಕೊಂಡು ಸುತ್ತ ಕೂತು ಆ ಬಾಲ ಕತ್ತರಿಸುತ್ತೇವೆ. ಬಂಡಲ್ಲನ್ನು ಮೇಸ್ತ್ರಿ ಒಬ್ಬಳ ಹೆಸರಿಗೆ ಮಾತ್ರ ಬರೆದು ಕೊಡುತ್ತಾನೆ. ಇವತ್ತು ನನ್ನ ಹೆಸರು, ನಾಳೆ ನಿನ್ನ ಹೆಸರು. ಹೆಸರು ಯಾರದಾದರೂ ಕೈ ಎಲ್ಲರದು, ವಾರದ ಕೊನೆಗೆ ಬಂದದ್ದೂ ಎಲ್ಲರದು. ಇದರಲ್ಲಿ ಜಗಳ ಆದದ್ದನ್ನು ನಾನು ನೋಡಿಲ್ಲ. ಜಗಳ ಬೇರೆ ವಿಷಯಕ್ಕೆ ಬೇಕಾದಷ್ಟು ಆಗುತ್ತದೆ.

ಅಷ್ಟರಲ್ಲಿ ಪಾಠ ಫೋನಿಗೆ ಬಂತು. ನಾಲ್ವರ ಮನೆಯಲ್ಲೂ ಒಂದೊಂದು ಫೋನು ಇತ್ತು, ಆದರೆ ಅದು ಮನೆಯವರೆಲ್ಲರ ಫೋನು. ಒಬ್ಬಳದು ಅಪ್ಪನ ಆಟೋದಲ್ಲಿ ತಿರುಗುತ್ತಿತ್ತು, ಇನ್ನೊಬ್ಬಳದು ಅಣ್ಣನ ಜೇಬಿನಲ್ಲಿ. ಎಲ್ಲವೂ ಒಂದೇ ದಿನ ಕೈಗೆ ಸಿಗುವುದಿಲ್ಲ, ಸಿಕ್ಕರೆ ಎಲ್ಲದರಲ್ಲೂ ನೆಟ್ಟು ಇರುವುದಿಲ್ಲ. ಹುಡುಗಿಯರು ಯಾರನ್ನೂ ಕೇಳಲಿಲ್ಲ, ಕೇಳುವಂಥದ್ದು ಏನಿದೆ ಅನ್ನಿಸಿತು ಅವರಿಗೆ. ಬಂಡಲ್ಲಿನ ಹಾಗೆಯೇ ಪಾಳಿ ಮಾಡಿಕೊಂಡರು. ಇವತ್ತು ಇವಳ ಫೋನು, ನಾಳೆ ಅವಳದು. ಫೋನನ್ನು ಪ್ಯಾಂಟಿನ ಗುಡ್ಡೆಯ ಮೇಲೆ ಇಟ್ಟರೆ ಮಿಷನ್ನುಗಳ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ನಾನೇ ಒಂದು ಸ್ಟೀಲ್ ಬೋಗುಣಿ ತಂದುಕೊಟ್ಟೆ. ಅದರೊಳಗೆ ನಿಲ್ಲಿಸಿದರೆ ಸಾರ್ ದನಿ ಗುಡಿಯ ಗಂಟೆಯ ಹಾಗೆ ಬರುತ್ತಿತ್ತು.

ಸಾರ್ ಎಂದರೆ ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ಒಬ್ಬ ಹುಡುಗ. ದಿನಾ ಪಾಠಕ್ಕೆ ಮುಂಚೆ ಹೆಸರು ಕೂಗುತ್ತಿದ್ದ. ಪಾಳಿಯ ಹುಡುಗಿ ಬೋಗುಣಿಗೆ ಬಾಯಿ ಹಾಕಿ, ನಾವು ನಾಲ್ಕೂ ಜನ ಇದೀವಿ ಸಾರ್ ಎಂದು ನಾಲ್ಕೂ ಹೆಸರು ಹೇಳುತ್ತಿದ್ದಳು. ಸರಿ ಸರಿ ಎನ್ನುತ್ತಿದ್ದ. ನನ್ನ ಕಿವಿಯಾರೆ ಕೇಳಿದ್ದೇನೆ. ಒಂದು ದಿನವೂ ಇಲ್ಲ ಎನ್ನಲಿಲ್ಲ.

ಪಾಠಗಳಲ್ಲಿ ಒಂದು ಕಂಪ್ಯೂಟರ್ ಪಾಠ, ಅದನ್ನು ಮಾಡುತ್ತಿದ್ದವನು ಇವನೇ. ಮಾಹಿತಿ ತಂತ್ರಜ್ಞಾನ ಎಂದು ಅದರ ಹೆಸರು. ಆ ನಾಲ್ವರಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಕಾಲೇಜಿನಲ್ಲಿದ್ದವು ಬೀಗದೊಳಗೆ ಧೂಳು ತಿನ್ನುತ್ತಿದ್ದವು. ಸಾರ್ ಫೋನಿನಲ್ಲಿ ಕಂಪ್ಯೂಟರಿನ ಚಿತ್ರ ತೋರಿಸಿ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎನ್ನುತ್ತಿದ್ದ. ಇವರು ಎಲ್ಲಿ ಒತ್ತಬೇಕು, ಪ್ಯಾಂಟಿನ ಗುಂಡಿಯನ್ನೇ? ನನ್ನ ಮೊಮ್ಮಗಳು ಕಟಿಂಗ್ ಮಾಸ್ತರನ ಹತ್ತಿರ ಗುರುತು ಹಾಕುವ ಬಳಪ ಇಸಕೊಂಡು, ಮಿಕ್ಕಿದ ಜೀನ್ಸ್ ಬಟ್ಟೆಯ ತುಂಡಿನ ಮೇಲೆ ಮನೆ ಮನೆ ಬರೆದು, ಒಂದೊಂದು ಮನೆಗೆ ಒಂದೊಂದು ಅಕ್ಷರ ತುಂಬಿದಳು. ಊಟದ ಹೊತ್ತಿನಲ್ಲಿ ನಾಲ್ವರೂ ಅದರ ಮೇಲೆ ಬೆರಳು ಆಡಿಸುತ್ತಿದ್ದರು. ಒಗೆದರೆ ಹೋಗುವ ಕಂಪ್ಯೂಟರ್ ಎಂದು ಮೇಸ್ತ್ರಿ ನಕ್ಕ. ನಾನೂ ನಕ್ಕೆ. ಆಗ ಇನ್ನೂ ನಗು ಬರುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನಿಂದ ಫೋನಿಗೆ ಸಂದೇಶ ಬಂತು. ಹಾಜರಿ ಸಾಲದು, ಹಾಲ್ ಟಿಕೆಟ್ ಇಲ್ಲ. ನಾಲ್ವರಿಗೂ ಅದೇ. ಯಾವ ದಿನ ಯಾರ ಫೋನಿತ್ತೋ ಆ ದಿನ ಅವಳೊಬ್ಬಳೇ ಬಂದ ಹಾಗೆ, ಉಳಿದ ಮೂವರು ಬರದ ಹಾಗೆ ಲೆಕ್ಕವಾಗಿತ್ತು. ಒಬ್ಬೊಬ್ಬಳಿಗೂ ಕಾಲು ಭಾಗ ಹಾಜರಿ. ಒಟ್ಟು ಕೂಡಿಸಿದರೆ ಒಬ್ಬಳು ಪಾಸಾಗುವಷ್ಟು.

ಮೊಮ್ಮಗಳ ಮುಖ ಬಿಳಿಚಿಕೊಂಡಿತ್ತು. ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಗದರಿದೆ.

“ಬಂಡಲ್ಲು ಒಬ್ರ ಹೆಸ್ರಲ್ಲಿದ್ರೆ ಎಲ್ರದೂ ತಾನೇ ಅಜ್ಜಿ? ಇದೂ ಹಂಗೇ ಅನ್ಕೊಂಡ್ವಿ. ಸಾರೂ ಸರಿ ಅಂದ್ರಲ್ಲ.”

ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ನನಗೆ ಮೈ ಉರಿದದ್ದು ಬೇರೆಯದಕ್ಕೆ. ನಮ್ಮ ಓಣಿಯಲ್ಲೇ ಅದೇ ಕ್ಲಾಸಿನ ಒಬ್ಬ ಹುಡುಗನಿದ್ದ. ಬೆಳಿಗ್ಗೆ ಫೋನು ಹಚ್ಚಿ ಹಾಸಿಗೆಯ ಮೇಲೆ ಎಸೆದು ಬೆಟ್ಟದ ಬುಡಕ್ಕೆ ಕ್ರಿಕೆಟ್ ಆಡಲು ಹೋಗುವವನು. ಸಾರ್ ದಿಂಬಿಗೆ ಪಾಠ ಮಾಡುತ್ತಿದ್ದ. ಆ ಹುಡುಗನಿಗೆ ಪೂರಾ ಹಾಜರಿ. ದಿಂಬು ಡಿಗ್ರಿ ಪಾಸಾಗಬಹುದು, ಕೂತು ಕೇಳಿದ ನಮ್ಮ ಹುಡುಗಿಯರು ಆಗುವ ಹಾಗಿಲ್ಲ.

ಅದೇ ಸಂದೇಶ ಬೆಂಗಳೂರಿನಲ್ಲಿ ಅಳಿಯನ ಫೋನಿಗೂ ಹೋಗಿತ್ತು. ಸಂಜೆ ಅವನು ಮಾತಾಡಿದ. ದನಿ ಏರಿಸಲಿಲ್ಲ.

“ಅತ್ತೆ, ಓದಿದ್ದು ಸಾಕು. ಇಲ್ಲಿ ಹೊಲಿಗೆ ಲೈನಲ್ಲಿ ಜಾಗ ಐತೆ. ಈ ತಿಂಗ್ಳು ಕಳೀಲಿ, ಬಂದು ಕರ್ಕೊಂಡು ಹೋಗ್ತೀನಿ.”

ಮಗಳ ಕೈಗೆ ಫೋನು ಕೊಡು ಎಂದೆ. ಕೊಟ್ಟ. ಅವಳ ಹಿಂದಿನಿಂದ ಮಿಷನ್ನುಗಳ ಸದ್ದು ಮಾತ್ರ ಕೇಳಿಸಿತು. ಓವರ್‌ಟೈಮ್ ಇರಬೇಕು.

ಮಾರನೆಯ ದಿನ ಮೊಮ್ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ಆಫೀಸಿನವರು ಮಾತ್ರ ಬರುತ್ತಿದ್ದರು. ಕಂಪ್ಯೂಟರ್ ಸಾರ್ ವರಾಂಡದಲ್ಲೇ ಸಿಕ್ಕ. ನಮ್ಮನ್ನು ನೋಡಿದ ಕೂಡಲೇ ಏಕೆ ಬಂದೆವೆಂದು ಅವನಿಗೆ ಗೊತ್ತಾಯಿತು.

“ದಿನಾ ಸರಿ ಸರಿ ಅಂದವ್ರು ನೀವೇ ಅಲ್ಲೇನ್ರಿ ಸಾರ್?”

“ಅಂದೀನಿ ಯಮ್ಮಾ. ಇಲ್ಲ ಅನ್ನಂಗಿಲ್ಲ. ಆದ್ರ ಹಾಜರಿ ನಾ ಹಾಕಂಗಿಲ್ಲ, ಆಪ್ ತಾನೇ ಹಾಕ್ಕೊಂತೈತಿ.”

“ಮತ್ತ ನೀವ್ಯಾಕ ಹೆಸರು ಕೂಗ್ತಿದ್ರಿ?”

“ರೂಢಿ ಯಮ್ಮಾ,” ಎಂದ.

ಅವನಿಗೆ ಹೊಡೆಯಬೇಕು ಅನ್ನಿಸಿತು. ಅಂಗಿಯ ಕಾಲರು ಸವೆದು ದಾರ ಎದ್ದಿತ್ತು. ಅದನ್ನು ನೋಡಿ ಕೈ ಸುಮ್ಮನಾಯಿತು, ಸಿಟ್ಟು ಸುಮ್ಮನಾಗಲಿಲ್ಲ. ಅವನಿಗೂ ತಿಂಗಳುಗಟ್ಟಲೆ ಸಂಬಳ ಬಂದಿಲ್ಲವೆಂದು ಮೊಮ್ಮಗಳು ಆಮೇಲೆ ಹೇಳಿದಳು. ಬರದಿದ್ದರೆ ಬರದಿರಲಿ, ಸರಿ ಎನ್ನುವ ಬಾಯಿ ತೆರೆದು ಒಂದು ಸಲ ತಪ್ಪು ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಪ್ರಿನ್ಸಿಪಾಲರು ತೆಲುಗಿನವರು. ಮರ್ಯಾದೆಯಾಗಿ ಕೂರಿಸಿದರು. ಮೊಮ್ಮಗಳು ತೆಲುಗಿನಲ್ಲಿ ಎಲ್ಲ ವಿವರಿಸಿದಳು. ಶೆಡ್ಡು, ಪಾಳಿ, ಬೋಗುಣಿ, ಒಂದನ್ನೂ ಬಿಡಲಿಲ್ಲ. ಬೇಕಾದರೆ ಯಾವ ಪಾಠದಲ್ಲಾದರೂ ಪ್ರಶ್ನೆ ಕೇಳಿ ಸಾರ್ ಎಂದಳು. ಅವರು ಕೇಳಲಿಲ್ಲ. ಕಂಪ್ಯೂಟರ್ ತೆರೆದು ನೋಡಿ, ಸಿಸ್ಟಂ ಒಪ್ಪುವುದಿಲ್ಲ ಎಂದರು. ಬೆಲೆ ಇಳಿಸದ ಅಂಗಡಿಯವನು ಯಜಮಾನರು ಒಪ್ಪೋದಿಲ್ಲ ಅನ್ನುತ್ತಾನಲ್ಲ, ಹಾಗೆ. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಆ ತಿಂಗಳುಗಳಲ್ಲಿ ಕಾಯಿಲೆ ಇತ್ತೆಂದು ಡಾಕ್ಟರಿಂದ ಬರೆಸಿಕೊಂಡು ಬನ್ನಿ, ಕಾಯಿಲೆಯಾದರೆ ರಿಯಾಯಿತಿ ಉಂಟು, ಸಿಸ್ಟಂ ಅದನ್ನು ತೆಗೆದುಕೊಳ್ಳುತ್ತದೆ. ಬಂದಿದ್ದರು ಎಂದು ಹಾಕಲು ಜಾಗವಿಲ್ಲ, ಬರಲಾಗಲಿಲ್ಲ ಎಂದು ಹಾಕಲು ಜಾಗವಿದೆ.

“ಅಂದ್ರ ಹುಡುಗಿ ಗಟ್ಟಿ ಇದ್ದದ್ದೇ ತಪ್ಪಾತೇನ್ರಿ?” ಎಂದೆ.

ಅವರು ನೀರು ಕುಡಿದರು. ನನಗೂ ಒಂದು ಲೋಟ ತರಿಸಿದರು. ನಾನು ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ದಿನಾ ಕೂತು ಕೇಳಿದ್ದನ್ನು ಕೇಳಲೇ ಇಲ್ಲವೆಂದು ಬರೆದುಕೊಡಬೇಕು. ಮುಟ್ಟಿದರೆ ಕೆಂಪಗಾಗುವ ಮೈಯನ್ನು ರೋಗದ ಮೈ ಎನ್ನಬೇಕು. ನಾಳೆ ಇವಳಿಗೆ ಗಂಡು ನೋಡಲು ಬಂದವರ ಕಿವಿಗೆ, ಹುಡುಗಿ ತಿಂಗಳುಗಟ್ಟಲೆ ಮಲಗಿದ್ದಳಂತೆ ಎಂದು ಯಾರಾದರೂ ಊದಿದರೆ? ನಮ್ಮ ಕಡೆ ಹುಡುಗಿಗೆ ಕಾಯಿಲೆಯ ಹೆಸರು ಅಂಟಿದರೆ ಒಗೆದರೂ ಹೋಗುವುದಿಲ್ಲ. ನಾನು ಬರೆಸುವುದಿಲ್ಲ ಎಂದೆ. ಬೇಕಾದರೆ ಆ ಕಾಲೇಜಿನ ಬಾಗಿಲಲ್ಲಿ ಕೂರುತ್ತೇನೆ ಎಂದೆ.

ಮೊಮ್ಮಗಳು ರಸ್ತೆಯ ಮಧ್ಯೆ ನಿಂತುಬಿಟ್ಟಳು.

“ಸುಳ್ಳಾದ್ರೂ ಬರ್ಸು ಕಣಜ್ಜಿ. ಬಾಗ್ಲಲ್ಲಿ ಕುಂತ್ರೆ ನಿನ್ ಸಿಟ್ಟು ತೀರ್ತೈತೆ, ನಾನು ಲೈನಿಗೆ ಹೋಗ್ತೀನಿ. ಅಮ್ಮನ ಬೆರಳು ನೋಡಿದೀಯಲ್ಲ.”

ನೋಡಿದ್ದೇನೆ. ಸೂಜಿ ಹೊಕ್ಕು ಹೊರಬಂದ ಉಗುರು ಇನ್ನೂ ನೆಟ್ಟಗೆ ಬೆಳೆದಿಲ್ಲ.

ನಾಲ್ವರು ಹುಡುಗಿಯರನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಡಾಕ್ಟರ ಬಳಿ ಹೋದೆ. ಅವರಿಗೆ ಈ ಕೆಲಸ ಹೊಸದಲ್ಲ. ಯಾವುದು ಬೇಕು ಯಮ್ಮಾ, ಕಾಮಾಲೆಯೋ ಟೈಫಾಯ್ಡೋ ಎಂದು, ದರ್ಜಿ ರವಿಕೆಗೆ ಯಾವ ತೋಳು ಇಡಲಿ ಅನ್ನುವ ಹಾಗೆ ಕೇಳಿದರು. ಟೈಫಾಯ್ಡಾದರೆ ಕೂದಲು ಉದುರುತ್ತದೆ ಅನ್ನುತ್ತಾರೆ, ಗಂಡಿನ ಕಡೆಯವರು ಜಡೆ ಎಳೆದು ನೋಡಿಯಾರು ಎಂದು ಒಬ್ಬಳು ಕಿಸಕ್ಕೆಂದಳು. ಕಾಮಾಲೆ ಎಂದಾಯಿತು. ನಾಲ್ವರಿಗೂ ಕಾಮಾಲೆ, ಅದೂ ಒಟ್ಟಿಗೆ. ಸಿಸ್ಟಮ್ಮಿಗೆ ಅದರಲ್ಲಿ ಏನೂ ಅನುಮಾನ ಬರಲಿಲ್ಲ. ಹಾಲ್ ಟಿಕೆಟ್ ಬಂತು.

ಅಳಿಯನಿಗೆ, ಹಾಲ್ ಟಿಕೆಟ್ ಬಂತಪ್ಪ, ನಿನ್ನ ಲೈನಿನ ಜಾಗ ಬೇರೆಯವರಿಗೆ ಕೊಡು ಎಂದೆ. ಹೇಗೆ ಬಂತು ಎಂದು ಅವನು ಕೇಳಲಿಲ್ಲ. ಪರೀಕ್ಷೆ ನಿಂತಿಲ್ಲವಲ್ಲ, ಅವನಿಗೆ ಅಷ್ಟೇ ಬೇಕಿತ್ತು.

ನಾಲ್ವರೂ ಬರೆದರು, ನಾಲ್ವರೂ ಪಾಸಾದರು. ಕಂಪ್ಯೂಟರ್ ಪರೀಕ್ಷೆಗೆ ಬೀಗ ತೆಗೆದ ಕೋಣೆಯಲ್ಲಿ ಮೊಮ್ಮಗಳು ಮೊದಲ ಸಲ ನಿಜವಾದದ್ದರ ಮುಂದೆ ಕೂತಳು. ಬೆರಳು ಅಕ್ಷರದ ಮೇಲೆ ಸರಿಯಾಗಿಯೇ ಹೋಯಿತಂತೆ. ಬಟ್ಟೆಯ ಮೇಲೆ ಮುಟ್ಟಿ ಮುಟ್ಟಿ ರೂಢಿಯಾಗಿ, ಒತ್ತಬೇಕು ಅನ್ನುವುದೇ ಮರೆತು, ಮುಟ್ಟಿಬಿಟ್ಟು ಸುಮ್ಮನೆ ಕಾಯುತ್ತ ಕೂತಿದ್ದಳಂತೆ. ಅವಳೇ ಹೇಳಿ ಅವಳೇ ನಕ್ಕಳು.

ಆಮೇಲೆ ಕಾಲೇಜು ಅರ್ಧ ತೆರೆಯಿತು. ಒಂದೆರಡು ಪಾಠ ಫೋನಿನಲ್ಲೇ ಉಳಿದವು. ಆ ಪಾಠದ ದಿನ ಹುಡುಗಿಯರು ಶೆಡ್ಡಿಗೇ ಬರುತ್ತಿದ್ದರು. ಆದರೆ ಈಗ ಪಾಳಿ ಇಲ್ಲ. ಮತ್ತೆ ಕಾಮಾಲೆ ಬರೆಸಬೇಕಾದೀತೆಂಬ ಭಯಕ್ಕೆ ನಾಲ್ಕೂ ಮನೆಯವರು ಹೇಗೋ ಹುಡುಗಿಯ ಕೈಗೆ ಒಂದೊಂದು ಹಳೆ ಫೋನು ಹಾಕಿದ್ದರು. ನಾಲ್ಕನ್ನೂ ಒಟ್ಟಿಗೆ ಹಚ್ಚಿದರೆ ಸಾರ್ ದನಿ ಒಂದರ ಹಿಂದೆ ಒಂದು ಬಂದು ಬೆಟ್ಟದಲ್ಲಿ ಕೂಗಿದ ಹಾಗೆ ಆಗುತ್ತಿತ್ತು, ಒಂದು ಮಾತೂ ತಿಳಿಯುತ್ತಿರಲಿಲ್ಲ. ಮೊದಮೊದಲು ಮೂರರ ದನಿ ತೆಗೆದು ಒಂದನ್ನು ಬಿಟ್ಟರು. ಯಾರದು ಬಿಡಬೇಕು ಎಂದು ಬೇಸರ ಬಂತೋ ಏನೋ, ಆಮೇಲೆ ನಾಲ್ಕರದೂ ತೆಗೆದರು. ಫೋನುಗಳು ಪ್ಯಾಂಟಿನ ಗುಡ್ಡೆಯ ಮೇಲೆ ಸಾಲಾಗಿ ಮೂಕಾಗಿ ಬಿದ್ದಿರುತ್ತಿದ್ದವು. ಹುಡುಗಿಯರು ಸಿನಿಮಾ ಮಾತಾಡುತ್ತ ದಾರ ಕತ್ತರಿಸುತ್ತಿದ್ದರು.

ನಾನು ಬೋಗುಣಿ ತಂದು ಮುಂದಿಟ್ಟೆ. ಯಾರೂ ಮುಟ್ಟಲಿಲ್ಲ.

“ಇವತ್ತು ಸಾರ್ ಏನು ಹೇಳಿದ್ರು?” ಎಂದು ಮೊಮ್ಮಗಳನ್ನು ಕೇಳಿದೆ.

“ಗೊತ್ತಿಲ್ಲಜ್ಜಿ,” ಎಂದಳು, ಕತ್ತರಿಯಿಂದ ಕಣ್ಣು ತೆಗೆಯದೆ. “ಹಾಜ್ರಿ ಬಿತ್ತು.”

ಬಯ್ಯಲು ಬಾಯಿ ತೆರೆದೆ. ಯಾರನ್ನು ಬಯ್ಯಲಿ? ಇವರಿಗೆ ಇದನ್ನು ಕಲಿಸಿದವರು ಶೆಡ್ಡಿನಲ್ಲಿ ಕೂತಿರಲಿಲ್ಲ. ಎದ್ದು ನನ್ನ ಬೋಗುಣಿ ಎತ್ತಿಕೊಂಡೆ. ಹೆಸರು ಬರೆಸಿಕೊಂಡು, ಒಂದು ದಾರವನ್ನೂ ಕತ್ತರಿಸದೆ ಹಾಗೇ ಕಟ್ಟಿ ವಾಪಸು ಕೊಟ್ಟಿದ್ದರೆ, ಆ ಬಂಡಲ್ಲನ್ನು ನಮ್ಮ ಮೇಸ್ತ್ರಿ ಮುಖಕ್ಕೆ ಎಸೆಯುತ್ತಿದ್ದ.