ನಾಟಕದ ಬಾಣಂತಿಗೆ ದೃಷ್ಟಿ ತೆಗೆದದ್ದು

ಮನಸ್ಸಿನ ಕಾಯಿಲೆಗೂ ಔಷಧವಿದೆ ಎಂದು ತಿಳಿಸಲು ಮಹಿಳಾ ಸಂಘದವರು ಮಳಗಿಯಲ್ಲಿ ಬೀದಿ ನಾಟಕ ಆಡಿದರು. ವರದಿ ಮಾಡಲು ನಾನು ಮುಂಡಗೋಡದಿಂದ ಹೋಗಿದ್ದೆ. ಹೆರಿಗೆಯಾದ ಮೇಲೆ ಮಂಕಾಗಿ, ಕೂಸನ್ನೂ ಎತ್ತಿಕೊಳ್ಳದ ಬಾಣಂತಿಯ ಕಥೆ ಅದು. ಆಟ ಮುಗಿದದ್ದೇ ಮುದುಕಿಯೊಬ್ಬಳು ಉಪ್ಪು, ಮೆಣಸಿನಕಾಯಿ ಹಿಡಿದು ಬಂದು, ಬಾಣಂತಿಯ ಪಾತ್ರ ಮಾಡಿದವಳನ್ನು ಕೂರಿಸಿ ದೃಷ್ಟಿ ತೆಗೆಯತೊಡಗಿದಳು.

"ಆಯಿ, ನನಗೇನೂ ಆಗಿಲ್ಲ. ಅದು ನಾಟಕಾ," ಎಂದು ಪಾತ್ರಧಾರಿ ನಕ್ಕಳು.

"ನಾಟಕಾ ಅಂತ ನಿನಗ ಗೊತ್ತೈತಿ. ಬ್ಯಾನಿಗೆ ಗೊತ್ತೈತೇನು? ಸುಮ್ಮ ಕುಂದರು."

ನಾಟಕದ ಬೇನೆಗೂ ಇಷ್ಟೊಂದು ಹೆದರಿಕೆ ಯಾಕೆಂದು ನನಗೆ ಕುತೂಹಲವಾಯಿತು. ಕೇಳಿದೆ.

"ನಮ್ಮ ಸೊಸೀನೂ ಹಿಂಗ ಅದಾಳ್ರೀ. ಗ್ವಾಡಿಗೆ ಮಾರಿ ಮಾಡಿ ಮಲಗಿರತಾಳ. ದಿನಾ ದೃಷ್ಟಿ ತಗೀತೇನಿ, ಇಳಿವಲ್ದು."

ಪಾತ್ರಧಾರಿಯ ನಗು ನಿಂತಿತು. ದೃಷ್ಟಿ ತೆಗೆದು ಮುಗಿಯುವವರೆಗೂ ಅವಳು ಕದಲಲಿಲ್ಲ. ಆಮೇಲೆ ಹೇಳಿದಳು: "ನೀ ಅಂದಂಗ ನಾ ಕುಂತೆ. ಈಗ ನನ್ನ ಮಾತು ಕೇಳು. ನಾಳೆ ಸೊಸೀನ್ನ ದವಾಖಾನಿಗೆ ಕರಕೊಂಡು ಹೋಗೂಣು. ನಾನೂ ಬರ್ತೇನಿ."

ಮುದುಕಿ ಕೈಯಲ್ಲಿದ್ದ ಉಪ್ಪನ್ನು ನೋಡಿದಳು.

"ಆಕಿ ಬಾಯಿ ಬಿಡಂಗಿಲ್ಲ," ಎಂದಳು. "ಡಾಕ್ಟರ ಮುಂದ ನೀನ ನಾಟಕಾ ಮಾಡಿ ತೋರಸಬೇಕು ನೋಡು."