ಕೊಟ್ಟಿಗೆಗೆ ಬಳಿದ ಗಿಳಿಹಸಿರು

ಡ್ರಾಯಿಂಗ್ ಟೀಚರಮ್ಮನ ತಲೆಗೆ ಹೊಕ್ಕ ಹುಳ ಅಂದರೆ ಮನೆಯ ಹಿಂದಿನ ಹಳೇ ಕೊಟ್ಟಿಗೆ. ಅಜ್ಜನ ಕಾಲದ್ದು, ಗೋಡೆಯೆಲ್ಲ ಮರದ ಹಲಗೆ. ಹಸುಗಳೆಲ್ಲ ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ಅಲ್ಲಿ ಮುರಿದ ಕುರ್ಚಿ, ತೂತು ಬಕೆಟ್ಟು, ಹೆಗ್ಗಣದ ಸಂಸಾರ. ಈಯಮ್ಮ ಮಾತ್ರ ದಿನಾ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ಚಿತ್ರ ಬರೆಯುತ್ತಿದ್ದಳು. ಹಾಲ್‌ನಲ್ಲಿ ಕೊಟ್ಟಿಗೆ, ಅಡುಗೆಮನೆಯಲ್ಲಿ ಕೊಟ್ಟಿಗೆ, ಕೊನೆಗೆ ಬಚ್ಚಲ ಬಾಗಿಲ ಮೇಲೂ ಕೊಟ್ಟಿಗೆ. ಸ್ನಾನಕ್ಕೆ ಹೋದ ನೆಂಟರೊಬ್ಬರು ಸಗಣಿ ವಾಸನೆ ಬಂತು ಅಂತ ಮೂಗು ಮುಚ್ಚಿಕೊಂಡು ಬಂದಿದ್ದೂ ಉಂಟು. ಅವಳು ಅದನ್ನೂ ಹೊಗಳಿಕೆ ಅಂದುಕೊಂಡಳು!

ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ, "ನೋಡೋಕೆ ಬಂದ ಗಂಡುಗಳಲ್ಲಿ ಆ ಹಲಗೆಗಳಷ್ಟು ಲಕ್ಷಣವಾದ ಮುಖ ಒಂದೂ ಇರ್ಲಿಲ್ಲ" ಅನ್ನುತ್ತಿದ್ದಳು.

ಮನೆ ಯಜಮಾನ ಅವಳ ತಮ್ಮ, ಹಾರ್ಡ್‌ವೇರ್ ಅಂಗಡಿಯವನು. ಒಂದು ದಿನ ಊಟದ ಹೊತ್ತಿಗೆ, "ಅಕ್ಕ, ಕೊಟ್ಟಿಗೆ ಕೆಡವಿಸಿ ಕಾರಿಗೆ ಶೆಡ್ ಹಾಕಿಸ್ತೀನಿ" ಅಂದ. ಟೀಚರಮ್ಮ ತಟ್ಟೆ ಬಿಟ್ಟೆದ್ದು, ಎಂಜಲು ಕೈಯಲ್ಲೇ ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ಕಣ್ಣು ಬಿಟ್ಟು ನೋಡೋ! ಬರೀ ಬೂದು ಅಂದ್ಕೊಂಡಿದ್ದೀಯಾ? ಬಿಸಿಲು ಬಿದ್ದ ಕಡೆ ಬೆಳ್ಳಿ, ನೆರಳಲ್ಲಿ ನೀಲಿ. ಇದನ್ನ ಕೆಡವಿದ್ರೆ ನಾನು ಬದುಕಿದ್ದೂ ಸತ್ತ ಹಾಗೆ ಕಣೋ."

ತಮ್ಮನಿಗೆ ಕಂಡಿದ್ದು ಗೆದ್ದಲು ಮಾತ್ರ. ಆದರೆ ಅಕ್ಕ ಗೊಳೋ ಅಂತ ಅಳುವುದನ್ನು ಅವನು ಎಂದೂ ನೋಡಿರಲಿಲ್ಲ. "ಆಯ್ತು ತಾಯಿ, ಕೆಡವಲ್ಲ, ಅಳಬೇಡ" ಅಂದ.

ಆ ಖುಷಿಯಲ್ಲಿ ಅವಳು ಗೆಳತಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಬಂದವಳು ಹಿತ್ತಲ ಬಾಗಿಲು ತೆಗೆದರೆ, ಕೊಟ್ಟಿಗೆ ಗಿಳಿಹಸಿರು! ಪಳಪಳ ಹೊಳೆಯುವ ಆಯಿಲ್ ಪೇಂಟು. ತಮ್ಮ ಏಣಿ ಮೇಲೆ ನಿಂತಿದ್ದ, ಮೀಸೆಗೂ ಹಸಿರು ಮೆತ್ತಿತ್ತು.

"ಹೇಗಿದೆ ಅಕ್ಕ? ಅಂಗಡೀಲಿರೋದ್ರಲ್ಲೇ ಒಳ್ಳೇ ಪೇಂಟು. ನಿನಗೆ ಅಷ್ಟು ಇಷ್ಟ ಅಂದ ಮೇಲೆ ಹಾಳು ಬಿಡೋಕೆ ಮನಸ್ಸು ಬರ್ಲಿಲ್ಲ. ಆಳು ಕರೀಲಿಲ್ಲ, ಎಲ್ಲಾ ನಾನೇ ಬಳಿದೆ."

ಅವಳ ನಾಲಿಗೆ ತುದಿಗೆ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅವನ ಮುಖ ನೋಡಿ ನುಂಗಿಕೊಂಡಳು.

"ಹಿಂದಿನ ಗೋಡೆ ಒಂದು ಬಾಕಿ," ಅಂತ ಅವನು ಬ್ರಷ್ ಚಾಚಿದ. "ಅದನ್ನ ನೀನೇ ಮಾಡು. ಕಲಾವಿದೆ ಅಲ್ವಾ?"

ಬೇಡ ಅಂದರೆ ಅವನ ಮನಸ್ಸು ಮುರಿಯುತ್ತೆ, ಬಳಿದರೆ ಉಳಿದ ಒಂದೇ ಗೋಡೆಯನ್ನೂ ತನ್ನ ಕೈಯಾರೆ ಕೊಂದ ಹಾಗೆ. ಟೀಚರಮ್ಮ ಪೇಂಟು ನೀರಾಗುವಷ್ಟು ಟರ್ಪೆಂಟೈನನ್ನು ಡಬ್ಬಕ್ಕೆ ಧಾರಾಳವಾಗಿ ಸುರಿದಳು. ಬ್ರಷ್ ಬಿಟ್ಟು, ಬಟ್ಟೆ ಅದ್ದಿ ತೆಳ್ಳಗೆ ಒರೆಸುತ್ತಾ ಹೋದಳು.

"ಅಯ್ಯೋ, ಮರ ಹಾಗೇ ಕಾಣ್ತಿದೆ! ಇನ್ನೊಂದು ಕೋಟು ಬೇಕು," ಅಂತ ತಮ್ಮ ಹತ್ತಿರ ಬಂದ. ತೋರಿಸಲು ಬೆರಳೆತ್ತಿದವನು ಹಾಗೇ ನಿಂತುಬಿಟ್ಟ. ಒದ್ದೆ ಹಲಗೆಯಲ್ಲಿ ಮರದ ಗೆರೆಗಳು ಎಳೆ ಎಳೆಯಾಗಿ ಎದ್ದಿದ್ದವು, ಗಂಟು ಬಂದ ಕಡೆ ಬಳಸಿಕೊಂಡು ಹೋಗಿದ್ದವು. ಅವನು ಅದರ ಮೇಲೆ ಬೆರಳಾಡಿಸಿದ. ಪಕ್ಕದ ಹಲಗೆ ನೋಡಿದ, ಅದರ ಪಕ್ಕದ್ದೂ ನೋಡಿದ. ಮೂಲೆಯವರೆಗೆ ಹೋಗಿ ಮುಂಭಾಗವನ್ನು ಇಣುಕಿ ಬಂದ. ಮುಖ ಸಪ್ಪಗಾಗಿತ್ತು.

"ಅಕ್ಕ... ಮುಂದಿನದೆಲ್ಲ ನಾನು ಕೆಡಿಸಿಬಿಟ್ಟೆನಾ?"

ಇಲ್ಲ ಅನ್ನಬಹುದಿತ್ತು. ಆದರೆ ಇಷ್ಟು ವರ್ಷಕ್ಕೆ ಒಬ್ಬನಾದರೂ ನೋಡಿದನಲ್ಲ ಅಂತ ಅವಳಿಗೆ ಕಣ್ಣು ತುಂಬಿ ಬಂತು.

"ಹೂಂ ಕಣೋ ಕತ್ತೆ, ಪೂರ್ತಿ ಕೆಡಿಸಿಬಿಟ್ಟೆ," ಅಂದಳು. ಇನ್ನೊಂದು ಬಟ್ಟೆ ಹರಿದು ಅವನ ಕೈಗೂ ಕೊಟ್ಟಳು. "ಬಾ, ಇದೊಂದು ಗೋಡೆನಾದ್ರೂ ಹೀಗೇ ತೆಳ್ಳಗೆ ಒರೆಸೋಣ."